ಇಸಿಎಚ್‌ಎಸ್ ಕಾರ್ಡು: ಚಿಕಿತ್ಸೆಗೆ ನಾಲ್ಕು ಸ್ಟಾರ್, ಗ್ಯಾರಂಟಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಇಸಿಎಚ್‌ಎಸ್ ಒಳ್ಳೆಯ ಸೇವೆ. ಬೈಯುವವರು ಬಹಳ ಇದ್ದಾರೆ, ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಬೈದವರಲ್ಲಿ ಒಬ್ಬರೂ ಕಾರ್ಡು ವಾಪಸ್ ಕೊಟ್ಟಿದ್ದನ್ನು ನಾನು ನೋಡಿಲ್ಲ. ಅಪ್ಪ ಫೌಜಿನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು, ಅವರ ಲೆಕ್ಕದಲ್ಲಿ ಅವ್ವನಿಗೂ ಒಂದು ಕಾರ್ಡಿದೆ, ಇಬ್ಬರನ್ನೂ ಭಾಲ್ಕಿ ಕಡೆಯ ನಮ್ಮ ಹಳ್ಳಿಯಿಂದ ಇಸಿಎಚ್‌ಎಸ್‌ನದ್ದೇ ಚಿಕ್ಕ ದವಾಖಾನೆಯಾದ ಪಾಲಿಕ್ಲಿನಿಕ್‌ಗೆ, ಅಲ್ಲಿಂದ ದೊಡ್ಡ ದವಾಖಾನೆಗೆ ಕರೆದುಕೊಂಡು ಓಡಾಡುವ ಕೆಲಸ ನನ್ನದು. ಯಾವ ಪಾಲಿಕ್ಲಿನಿಕ್, ಯಾವ ದವಾಖಾನೆ ಅಂತ ಹೆಸರು ಬರೆಯುವುದಿಲ್ಲ. ನಾಳೆಯೂ ಅದೇ ಬಾಗಿಲಿಗೆ ಹೋಗಬೇಕಲ್ವಾ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ. ಶುರುವಾಗಿದ್ದು 2003ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ಪಿಂಚಣಿ ಪಡೆಯುವ ಸೈನಿಕ ಕಾಯಿಲೆ ಬಿದ್ದರೆ ಮಿಲಿಟರಿ ಆಸ್ಪತ್ರೆಯ ಬಾಗಿಲು ತಟ್ಟಬೇಕಿತ್ತು, ಅದೂ ಅಲ್ಲಿ ಹಾಸಿಗೆ ಖಾಲಿ ಇದ್ದರೆ. ನಮ್ಮ ಬೀದರ್ ಕಡೆಯವರಿಗೆ ಅದು ಸಿಕಂದರಾಬಾದ್. ಜ್ವರಕ್ಕೆ, ಕೆಮ್ಮಿಗೆ ಯಾರು ಅಷ್ಟು ದೂರ ಹೋಗುತ್ತಾರೆ? ಊರಿನ ಡಾಕ್ಟರ್ ಹತ್ತಿರ ಕೈಯಿಂದ ಕೊಟ್ಟು ಬರುತ್ತಿದ್ದರು. ಈಗ ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಈ ಯೋಜನೆಯ ನೆರಳಲ್ಲಿ ಇರುವವರು, ಅಂದರೆ ಮಾಜಿ ಸೈನಿಕರು ಮತ್ತು ಅವರ ಮನೆಯವರು ಸೇರಿ, 60 ಲಕ್ಷಕ್ಕೂ ಜಾಸ್ತಿ.

ಒಂದು ತಪ್ಪು ತಿಳುವಳಿಕೆ ಇದೆ. "ನಿಮಗೇನ್ರಿ, ಎಲ್ಲಾ ಫ್ರೀ" ಅಂತ ಮಂದಿ ಅನ್ನುತ್ತಾರೆ. ಫ್ರೀ ಅಲ್ಲ. ಹೆಸರಲ್ಲೇ ವಂತಿಗೆ ಇದೆ. 2017ರ ಡಿಸೆಂಬರ್ ಕೊನೆಗೆ ಬಂದ ದರದ ಪ್ರಕಾರ ಹವಾಲ್ದಾರ್ ತನಕ 30,000 ರೂಪಾಯಿ, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್ ತನಕ 67,000, ಅಧಿಕಾರಿಗಳಿಗೆ 1,20,000. ಒಮ್ಮೆ ಕಟ್ಟಿದರೆ ಆಯಿತು. 1996ರ ಜನವರಿ 1ಕ್ಕೂ ಮುಂಚೆ ರಿಟೈರ್ ಆದವರಿಗೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಇದು ಮಾಫಿ. ಇಷ್ಟು ಕಟ್ಟಿದ್ದಕ್ಕೆ ಸಿಗುವುದು ಕಡಿಮೆ ಏನಲ್ಲ. ಗಂಡ ಹೆಂಡತಿ ಇಬ್ಬರಿಗೂ ಜೀವನ ಪೂರ್ತಿ, ಮಗನಿಗೆ 25 ವರ್ಷದ ತನಕ, ಮದುವೆಯಾಗದ, ದುಡಿಮೆ ಇಲ್ಲದ ಮಗಳಿಗೆ, ಆದಾಯ ಕಡಿಮೆ ಇರುವ ತಂದೆ ತಾಯಿಗೂ ಚಿಕಿತ್ಸೆ. ವಯಸ್ಸಿನ ಮಿತಿ ಇಲ್ಲ, ಮೊದಲೇ ಸಕ್ಕರೆ ಕಾಯಿಲೆ ಇತ್ತು ಅಂತ ಹೊರಗಿಡುವುದಿಲ್ಲ, ಇಷ್ಟೇ ಲಕ್ಷ ಅಂತ ಗೆರೆ ಎಳೆಯುವುದಿಲ್ಲ. ಎಪ್ಪತ್ತೈದು ವರ್ಷದವರಿಗೆ ಇಂಥ ಪಾಲಿಸಿಯನ್ನು ಮಾರುಕಟ್ಟೆಯಲ್ಲಿ ಹುಡುಕಿ ನೋಡಿ.

ಈಗ ಪಾಲಿಕ್ಲಿನಿಕ್ ಒಳಗೆ ಬರೋಣ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ನಮ್ಮ ಹಳ್ಳಿಯಿಂದ ಮೊದಲ ಕೆಕೆಆರ್‌ಟಿಸಿ ಬಸ್ಸು ಹಿಡಿದರೂ ಅಷ್ಟೊತ್ತಿಗೆ ಬೆಂಚಿನ ತುಂಬ ಹಿರಿಯರು ಕೂತಿರುತ್ತಾರೆ. ಕಾರ್ಡು ಮಷಿನ್‌ಗೆ ಹಾಕಿ ಚೀಟಿ ತಗೊಂಡು ಪಾಳಿ ಹಿಡಿಯಬೇಕು. ಸಿಬ್ಬಂದಿಯಲ್ಲಿ ಮಾಜಿ ಸೈನಿಕರು ಬಹಳ. ಹಾಗಾಗಿ ಪಾಳಿ ಪಾಳಿಯ ಹಾಗೆಯೇ ನಡೆಯುತ್ತದೆ, ನಡುವೆ ನುಗ್ಗಿದರೆ ಪಕ್ಕದ ಸುಬೇದಾರ್ ಕಾಕಾ ಬಿಡುವುದಿಲ್ಲ. ಡಾಕ್ಟರ್ ಸಮಾಧಾನದಿಂದ ಕೇಳುತ್ತಾರೆ. ಅವ್ವನ ಮೊಣಕಾಲು ಮುಟ್ಟಿ ನೋಡಿ, ಮೆಟ್ಟಿಲು ಎಷ್ಟು ಹತ್ತುತ್ತೀರಿ, ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತೀರಾ ಅಂತ ವಿಚಾರಿಸಿದ್ದು ಇಲ್ಲೇ. ಖಾಸಗಿಯಲ್ಲಿ ಐನೂರು ಕೊಟ್ಟಾಗ ಮೊಣಕಾಲು ಮುಟ್ಟಿದವರು ಕಡಿಮೆ, ಎಕ್ಸ್‌ರೇ ಬರೆದವರೇ ಜಾಸ್ತಿ. ಡಾಕ್ಟರ್‌ಗೆ ಪೂರ್ತಿ ಸ್ಟಾರ್.

ತೊಂದರೆ ಶುರುವಾಗುವುದು ಔಷಧದ ಕಿಟಕಿಯಲ್ಲಿ. ಡಾಕ್ಟರ್ ಐದು ಗುಳಿಗೆ ಬರೆದಿರುತ್ತಾರೆ. ಕಿಟಕಿಯಲ್ಲಿರುವ ಹುಡುಗ ಪೆನ್ನು ಹಿಡಿದು ಒಂದೊಂದನ್ನೇ ನೋಡುತ್ತಾ ಬರುತ್ತಾನೆ. ಒಂದಕ್ಕೆ ಟಿಕ್, ಎರಡಕ್ಕೆ ಟಿಕ್, ಮೂರನೆಯದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಎರಡೇ ಅಕ್ಷರ ಬರೆಯುತ್ತಾನೆ. ಎನ್‌ಎ. ಇಲ್ಲ ಅಂತ. "ಅಕ್ಕಾರ, ಈ ಗುಳಿಗಿ ಎನ್‌ಎ ಅದ, ಮುಂದಿನ ವಾರ ಬಂದ್ರ ಕೊಡ್ತೀನಿ" ಅನ್ನುತ್ತಾನೆ. ಪಾಪ, ಅವನ ತಪ್ಪೇನೂ ಇಲ್ಲ. ಮುಖದಲ್ಲೇ ನಾಚಿಕೆ ಕಾಣುತ್ತದೆ. ಆದರೆ ಇಲ್ಲದ ಗುಳಿಗೆ ಯಾವಾಗಲೂ ದುಬಾರಿಯದ್ದೇ ಆಗಿರುತ್ತದೆ, ಇದೇನು ಮಾಯೆಯೋ. ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್ ಪೆನ್ನು. ಐದು ರೂಪಾಯಿಯ ಗ್ಯಾಸಿನ ಗುಳಿಗೆ ಮಾತ್ರ ಡಬ್ಬಿಗಟ್ಟಲೆ ಇರುತ್ತದೆ. ಇಲ್ಲ ಅಂತ ಬರೆಸಿಕೊಂಡು ಹೊರಗೆ ಕೊಂಡು, ಬಿಲ್ ಇಟ್ಟು ಕ್ಲೇಮ್ ಮಾಡಬಹುದು. ನಿಯಮ ಇದೆ. ಮಾಡಿಯೂ ಇದ್ದೇವೆ. ದುಡ್ಡು ಬಂದಿದೆ ಕೂಡ, ಆದರೆ ಬರುವ ಹೊತ್ತಿಗೆ ಯಾವ ಗುಳಿಗೆಯದ್ದು ಅಂತ ಅಪ್ಪನಿಗೇ ಮರೆತುಹೋಗಿತ್ತು.

ಇದು ನಮ್ಮೊಬ್ಬರ ಮನೆಯ ಕಥೆಯೂ ಅಲ್ಲ, ಹೊಸದೂ ಅಲ್ಲ. 2015ರಲ್ಲಿ ಸಿಎಜಿ, ಅಂದರೆ ದೇಶದ ಲೆಕ್ಕ ಪರಿಶೋಧಕರು, ಈ ಯೋಜನೆ ಮೇಲೆ ಒಂದು ಪೂರ್ತಿ ವರದಿಯನ್ನೇ ಕೊಟ್ಟಿದ್ದರು. ಔಷಧದ ಕೊರತೆ, ಆಸ್ಪತ್ರೆಗಳ ಬಿಲ್ ಪಾವತಿಯಲ್ಲಿ ತಡ, ಎಲ್ಲಾ ಅದರಲ್ಲಿ ಇದೆ. ಅಷ್ಟು ವರ್ಷದ ಹಿಂದೆ ಬರೆದಿದ್ದು ಇವತ್ತಿಗೂ ಕಿಟಕಿಯಲ್ಲಿ ಓದಬಹುದು.

ಆದರೂ ಮೇಲೆ ನಾಲ್ಕು ಸ್ಟಾರ್ ಕೊಟ್ಟಿದ್ದೇನಲ್ಲ, ಅದಕ್ಕೆ ಕಾರಣ ಅಪ್ಪನ ಎದೆನೋವು. ರಾತ್ರಿ ಊಟ ಆದ ಮೇಲೆ ಶುರುವಾಯಿತು, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದರು, ಬೆವರು ನಿಲ್ಲಲಿಲ್ಲ. 108ಕ್ಕೆ ಫೋನ್ ಮಾಡಿ ಬೀದರ್‌ಗೆ ಬಂದು, ಅಲ್ಲಿ ಇಸಿಜಿ ನೋಡಿದ ಡಾಕ್ಟರ್ ಹೈದರಾಬಾದ್‌ಗೆ ಒಯ್ಯಿರಿ ಅಂದರು. ತುರ್ತು ಇದ್ದಾಗ ಪಾಲಿಕ್ಲಿನಿಕ್‌ನ ರೆಫರಲ್ ಚೀಟಿಗೆ, ಅಂದರೆ ದೊಡ್ಡ ದವಾಖಾನೆಗೆ ಕಳಿಸುವ ಕಾಗದಕ್ಕೆ, ಕಾಯಬೇಕಿಲ್ಲ, ಯೋಜನೆ ಜೊತೆ ಒಪ್ಪಂದ ಮಾಡಿಕೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು, ಸುದ್ದಿ ಮುಟ್ಟಿಸಲು 48 ಗಂಟೆ ಇರುತ್ತದೆ. ಅದು ನನಗೆ ಗೊತ್ತಿದ್ದದ್ದೇ ದೊಡ್ಡ ಉಪಕಾರವಾಯಿತು. ಹೈದರಾಬಾದ್‌ನ ಆ ದವಾಖಾನೆಯಲ್ಲಿ ಇಸಿಎಚ್‌ಎಸ್‌ಗೆ ಅಂತಲೇ ಒಂದು ಡೆಸ್ಕ್ ಇತ್ತು. ಕಾರ್ಡು ತಗೊಂಡರು, ಅಪ್ಪನನ್ನು ಒಳಗೆ ಒಯ್ದರು, ಬೆಳಗಾಗುವುದರೊಳಗೆ ಸ್ಟೆಂಟ್ ಹಾಕಿ ಆಗಿತ್ತು. ಡಿಸ್ಚಾರ್ಜ್ ದಿನ ಬಿಲ್ ಕಾಗದ ಮುಂದಿಟ್ಟು ಸಹಿ ಮಾಡಿಸಿಕೊಂಡರು. ಕೊನೆಯ ಸಾಲಿನಲ್ಲಿ ರೋಗಿ ಕೊಡಬೇಕಾದ್ದು ಸೊನ್ನೆ ಅಂತ ಇತ್ತು. ಪಕ್ಕದ ಹಾಸಿಗೆಯವರು ಅದೇ ಸ್ಟೆಂಟಿಗೆ ಹೊಲ ಒತ್ತೆ ಇಡುವ ಮಾತಾಡುತ್ತಿದ್ದರು. ಹವಾಲ್ದಾರ್ ಆದ್ದರಿಂದ ಅಪ್ಪನಿಗೆ ಜನರಲ್ ವಾರ್ಡು, ಸುಬೇದಾರ್‌ಗೆ ಸೆಮಿ ಪ್ರೈವೇಟ್, ಅಧಿಕಾರಿಗೆ ಪ್ರೈವೇಟ್. ಹೃದಯಕ್ಕೂ ರ‍್ಯಾಂಕ್ ಇದೆಯಾ ಅಂತ ಅವ್ವ ಕೇಳಿದಳು. ಇರಲಿ, ಸ್ಟೆಂಟಿಗೆ ರ‍್ಯಾಂಕ್ ಇರಲಿಲ್ಲ.

ಇದೇ ಕಾರ್ಡು, ಇದೇ ಅಪ್ಪ, ಮುಂದೆ ಇನ್ನೊಂದು ಖಾಸಗಿ ಆಸ್ಪತ್ರೆ. ಊರು ಬೇರೆ, ಹೆಸರು ಬೇಡ. ರೆಫರಲ್ ಚೀಟಿ ಕೈಯಲ್ಲೇ ಇತ್ತು. ಡೆಸ್ಕಿನಲ್ಲಿದ್ದವನು ಕಾರ್ಡು ತಿರುಗಿಸಿ ನೋಡಿ, "ಮೇಡಂ, ನಿಮ್ಮವರ ಬಿಲ್ ಬಹಳ ಬಾಕಿ ಐತಿ. ಈಗ ಡಿಪಾಸಿಟ್ ಕಟ್ರಿ, ದುಡ್ಡು ಬಂದ ಮ್ಯಾಲ ವಾಪಸ್ ಕೊಡ್ತೀವಿ" ಅಂದ. ಪಟ್ಟಿಯಲ್ಲಿರುವ ಆಸ್ಪತ್ರೆ ಹೀಗೆ ದುಡ್ಡು ಕೇಳುವಂತಿಲ್ಲ, ಒಪ್ಪಂದ ಇದೆ. ಹೇಳಿದೆ. ಅವನು ಮೇಲಿನವರನ್ನು ಕೇಳಿ ಬರುತ್ತೇನೆ ಅಂತ ಹೋದವನು ಬರಲೇ ಇಲ್ಲ. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. "ನಡಿ, ಬ್ಯಾರೆ ಕಡೆ ಹೋಗೋಣು, ಇವರ ಕೂಡ ಏನ್ ಜಗಳ" ಅಂದರು. ನನಗೆ ಸಿಟ್ಟು ಬಂದದ್ದು ಡೆಸ್ಕಿನ ಹುಡುಗನ ಮೇಲಲ್ಲ. "ನಿಮ್ಮವರ ಬಾಕಿ" ಅಂದನಲ್ಲ, ಆ ಮಾತಿನ ಮೇಲೆ. ಬಾಕಿ ಇಟ್ಟುಕೊಂಡದ್ದು ಅಪ್ಪ ಅಲ್ಲ.

ಈ ಬಾಕಿ ಯಾಕೆ ಆಗುತ್ತದೆ ಅಂತ ಆಮೇಲೆ ಕೂತು ಓದಿದೆ. ಆಸ್ಪತ್ರೆ ಬಿಲ್ಲನ್ನು ಆನ್‌ಲೈನ್‌ನಲ್ಲಿ ಹಾಕುತ್ತದೆ, ಒಂದು ಏಜೆನ್ಸಿ ಪರಿಶೀಲಿಸುತ್ತದೆ, ಆಮೇಲೆ ಇಸಿಎಚ್‌ಎಸ್ ಪಾಸ್ ಮಾಡುತ್ತದೆ. ದರ ಸಿಜಿಎಚ್‌ಎಸ್‌ನದ್ದು, ಕೇಂದ್ರ ಸರ್ಕಾರಿ ನೌಕರರ ಯೋಜನೆಯದ್ದು. 2014ರ ದರಪಟ್ಟಿಯನ್ನೇ ಎಷ್ಟೋ ವರ್ಷ ಎಳೆದು, ಕೊನೆಗೆ 2025ರಲ್ಲಿ ದೊಡ್ಡದಾಗಿ ಪರಿಷ್ಕರಿಸಿದರು. ಇನ್ನು ದುಡ್ಡು ಪ್ರತಿ ವರ್ಷ ಬಜೆಟ್ಟಿನಲ್ಲಿ ಬರುತ್ತದೆ. 2024-25ಕ್ಕೆ 6,968 ಕೋಟಿ, 2025-26ಕ್ಕೆ 8,317 ಕೋಟಿ ರೂಪಾಯಿ. ಹೆಚ್ಚಿಸಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ರೋಗ ಬಜೆಟ್ ನೋಡಿ ಬರುವುದಿಲ್ಲವಲ್ಲ. ಕೊಟ್ಟ ದುಡ್ಡು ವರ್ಷ ಮುಗಿಯುವ ಮುಂಚೆ ಖರ್ಚಾದರೆ ಬಿಲ್‌ಗಳು ನಿಲ್ಲುತ್ತವೆ, ಬಿಲ್ ನಿಂತರೆ ಆಸ್ಪತ್ರೆಗಳು ಮುಖ ತಿರುಗಿಸುತ್ತವೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವವರು ಅಪ್ಪನಂಥವರು.

ಇಲ್ಲಿಂದ ನನ್ನ ಮುಖ್ಯ ದೂರು. ಇಷ್ಟು ದೊಡ್ಡ ಯೋಜನೆ, 60 ಲಕ್ಷ ಜನರ ಯೋಜನೆ, ಯಾವ ಕಾಯ್ದೆಯ ಮೇಲೆ ನಿಂತಿದೆ ಗೊತ್ತಾ? ಯಾವ ಕಾಯ್ದೆಯ ಮೇಲೂ ಇಲ್ಲ. 2002ರ ಡಿಸೆಂಬರ್ 30ರಂದು ರಕ್ಷಣಾ ಸಚಿವಾಲಯ ಬರೆದ ಒಂದು ಪತ್ರದ ಮೇಲೆ ನಿಂತಿದೆ. ಮಂಜೂರಾತಿ ಪತ್ರ. ಅದರ ಮೇಲೆ ಇನ್ನೊಂದು ಪತ್ರ, ತಿದ್ದುಪಡಿ ಪತ್ರ, ಸ್ಪಷ್ಟೀಕರಣ ಪತ್ರ. ಸೈನಿಕ ತಪ್ಪು ಮಾಡಿದರೆ ಹೇಗೆ ಶಿಕ್ಷೆ ಕೊಡಬೇಕು ಅನ್ನುವುದಕ್ಕೆ 1950ರ ಆರ್ಮಿ ಆಕ್ಟ್ ಇದೆ, ಸಂಸತ್ತು ಪಾಸ್ ಮಾಡಿದ್ದು. ಅದೇ ಸೈನಿಕ ಮುದುಕನಾದ ಮೇಲೆ ಹೇಗೆ ಔಷಧ ಕೊಡಬೇಕು ಅನ್ನುವುದಕ್ಕೆ ಬರೀ ಪತ್ರ.

ಪತ್ರ ಆದರೇನು, ನಡೀತಿದೆಯಲ್ಲ ಅಂತ ನಮ್ಮ ಮಾಮಾ ವಾದ ಮಾಡುತ್ತಾರೆ. ಅವರೂ ಫೌಜಿಯೇ, ಏರ್‌ಫೋರ್ಸಿನಲ್ಲಿ ಇದ್ದವರು. ನಾನು ಅವರಿಗೆ ವಂತಿಗೆಯ ಲೆಕ್ಕ ತೋರಿಸಿದೆ. ಶುರುವಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಟ್ಟುವವರು ಕಟ್ಟುತ್ತಿದ್ದದ್ದು 18,000. 2017ರಲ್ಲಿ ಅದೇ ಗೆರೆ 1,20,000ಕ್ಕೆ ಹೋಯಿತು. ಸಂಸತ್ತಿನಲ್ಲಿ ಮಸೂದೆ ಬರಲಿಲ್ಲ, ಒಂದು ದಿನದ ಚರ್ಚೆ ಆಗಲಿಲ್ಲ. ಪತ್ರ ಬಂತು, ಮುಗಿಯಿತು. ಏರಿಸಿದ್ದು ಸರಿಯೋ ತಪ್ಪೋ ಬೇರೆ ಮಾತು. ಏರಿಸುವ ಕೈ ಇಳಿಸಲೂಬಹುದು ಅನ್ನುವುದು ನನ್ನ ಮಾತು. ನಾಳೆ ವಂತಿಗೆ ಅಲ್ಲ, ಚಿಕಿತ್ಸೆಯನ್ನೇ ಒಂದಿಷ್ಟು ಕತ್ತರಿಸಿದರೆ?

ಕೋರ್ಟಿಗೆ ಹೋಗಬಹುದಲ್ಲ ಅನ್ನುವಿರಿ. ಹೋಗಿದ್ದಾರೆ. ಮಾಜಿ ಸೈನಿಕರ ಸಂಘಗಳ ಒಕ್ಕೂಟವೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸೇವೆಯಲ್ಲಿ ಇದ್ದವರ ಹಾಗೆಯೇ ನಮಗೂ ಪೂರ್ತಿ ಉಚಿತ ಚಿಕಿತ್ಸೆ ಬೇಕು, ವಂತಿಗೆ ಬೇಡ ಅಂತ. 2006ರ ಆಗಸ್ಟ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ವೈದ್ಯಕೀಯ ನೆರವು ಮುಖ್ಯ ಅನ್ನುವುದನ್ನು ಒಪ್ಪಿತು. ಆದರೆ ಪೂರ್ತಿ ಉಚಿತ ಚಿಕಿತ್ಸೆ ಮಾಜಿ ಸೈನಿಕರ ಮೂಲಭೂತ ಹಕ್ಕಲ್ಲ, ಒಮ್ಮೆ ವಂತಿಗೆ ಕೇಳುವುದರಲ್ಲಿ ತಪ್ಪಿಲ್ಲ ಅಂತ ಹೇಳಿತು. 1996ಕ್ಕೂ ಹಿಂದೆ ರಿಟೈರ್ ಆದವರಿಗೆ ಮಾತ್ರ ವಂತಿಗೆಯಿಂದ ಬಿಡುಗಡೆ. ನಾನು ವಕೀಲಳಲ್ಲ, ಆದರೆ ನನಗೆ ತಿಳಿದ ಮಟ್ಟಿಗೆ ಅರ್ಥ ಇಷ್ಟೇ: ಸಂವಿಧಾನ ತನ್ನಷ್ಟಕ್ಕೆ ಇದನ್ನು ಕೊಡುವುದಿಲ್ಲ, ಬೇಕಾದರೆ ಸಂಸತ್ತು ಬರೆದು ಕೊಡಬೇಕು. ಬಿಡಿ ಬಿಡಿ ಕೇಸುಗಳಲ್ಲಿ ಕೋರ್ಟು ಕೈ ಹಿಡಿದಿದೆ, ಸುಳ್ಳಲ್ಲ. 2018ರಲ್ಲಿ ಒಬ್ಬ ನಿವೃತ್ತ ಸರ್ಕಾರಿ ಅಧಿಕಾರಿಯ ಸಿಜಿಎಚ್‌ಎಸ್ ಕೇಸಿನಲ್ಲಿ, ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ, ಚಿಕಿತ್ಸೆ ನಿಜವಾಗಿ ಆಯಿತೋ ಇಲ್ಲವೋ ನೋಡಿ ಅಂತ ಸುಪ್ರೀಂ ಕೋರ್ಟು ಹೇಳಿತು. ಒಳ್ಳೆಯ ಮಾತು. ಆದರೆ ಅಲ್ಲಿಯ ತನಕ ಹೋಗುವ ಶಕ್ತಿ ಎಷ್ಟು ಹವಾಲ್ದಾರರಿಗೆ ಇದೆ?

ಬರೆದಿಟ್ಟ ಕಾನೂನಿಗೂ ಬಾಯಿಮಾತಿನ ಭರವಸೆಗೂ ಇರುವ ಫರಕು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದುಳಿದ ಭಾಗ, ಹಿಂದುಳಿದ ಭಾಗ ಅಂತ ದಶಕಗಟ್ಟಲೆ ಭಾಷಣ ಕೇಳಿದೆವು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತಂದು 371(ಜೆ) ಸೇರಿಸಿದ ಮೇಲೆ ನಮ್ಮ ಮಕ್ಕಳು ಮೆಡಿಕಲ್ ಸೀಟಿಗೆ, ನೌಕರಿಗೆ ಸರ್ಟಿಫಿಕೇಟ್ ಹಿಡಿದು ಹಕ್ಕಿನಿಂದ ಕೇಳುವ ಹಾಗಾಯಿತು. ಕೊಡದಿದ್ದರೆ ಯಾವ ನಿಯಮದ ಪ್ರಕಾರ ಕೊಡಲ್ಲ ಹೇಳಿ ಅನ್ನಬಹುದು. ಕಲಬುರಗಿಯ ಹೊಸ ಜಯದೇವ ಆಸ್ಪತ್ರೆಗೆ 371 ಹಾಸಿಗೆ ಇಟ್ಟಿದ್ದೇ ಅದರ ನೆನಪಿಗೆ. ಎಲ್ಲಾ ಸರಿಹೋಗಿದೆ ಅಂತ ಅಲ್ಲ, ಖಾಲಿ ಹುದ್ದೆಗಳ ಗೋಳು ಹಾಗೇ ಇದೆ. ಆದರೆ ಕೇಳಲು ಒಂದು ಜಾಗ ಇದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಕಲಬುರಗಿಯ ಸೇಡಂ ರಸ್ತೆಯಲ್ಲಿ ಕಾರ್ಮಿಕರ ವಿಮಾ ಯೋಜನೆಯ ಇಎಸ್‌ಐ ಮೆಡಿಕಲ್ ಕಾಲೇಜು, ಆಸ್ಪತ್ರೆ ಇದೆ. ಆ ಕಟ್ಟಡದ ಮುಂದೆ ಹಾದುಹೋಗದವರು ಯಾರು? ವಾಡಿ, ಸೇಡಂ ಕಡೆ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಸಂಬಳದ ಮಿತಿಯೊಳಗೆ ಬರುವ ಕಾರ್ಮಿಕನಿಗೆ ಚಿಕಿತ್ಸೆಯ ಹಕ್ಕು 1948ರ ಇಎಸ್‌ಐ ಕಾಯ್ದೆಯಿಂದ ಬಂದಿದೆ. ಈಗ ಅದನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಯಾರು ಎಷ್ಟು ಕಟ್ಟಬೇಕು, ಏನು ಸಿಗಬೇಕು ಅನ್ನುವುದಕ್ಕೆ ಕಾಯ್ದೆಯ ಬುಡ ಇದೆ. ತಕರಾರು ಬಂದರೆ ಅದಕ್ಕೆಂದೇ ನ್ಯಾಯಾಲಯ ಇದೆ. ಸಂಬಳದಲ್ಲಿ ಕಾರ್ಮಿಕನದ್ದು ಶೇಕಡಾ 0.75, ಮಾಲೀಕನದ್ದು 3.25. ಕಾರ್ಮಿಕನಿಗೆ ಇದು ಸಿಕ್ಕಿದ್ದು ಸಂತೋಷ, ಹೋರಾಟ ಮಾಡಿ ಪಡೆದದ್ದು. ಅವನ ತಮ್ಮ ಫೌಜಿಗೆ ಹೋಗಿ ಬಂದರೆ ಅವನಿಗೆ ಮಾತ್ರ ಇಂಥ ಬುಡ ಯಾಕಿಲ್ಲ ಅನ್ನುವುದು ನನ್ನ ಪ್ರಶ್ನೆ. ಇಬ್ಬರೂ ದುಡ್ಡು ಕಟ್ಟಿದವರೇ.

ಬೇರೆ ದೇಶದ ಮಾತು ಜಾಸ್ತಿ ಎತ್ತುವುದಿಲ್ಲ. ಅಲ್ಲಿನ ಆಸ್ಪತ್ರೆ, ಅಲ್ಲಿನ ದುಡ್ಡು ಬೇರೆ. ಆದರೆ ಅವರು ಮಾಡಿದ ರೀತಿ ನೋಡಿ. ಅಮೆರಿಕದಲ್ಲಿ 2022ರ ಆಗಸ್ಟ್‌ನಲ್ಲಿ ಪ್ಯಾಕ್ಟ್ ಆಕ್ಟ್ ಅಂತ ಮಾಡಿದರು. ಇರಾಕ್, ಅಫ್ಘಾನಿಸ್ತಾನದಲ್ಲಿ ಸೈನ್ಯದ ಕಸವನ್ನು ದೊಡ್ಡ ಗುಂಡಿಗಳಲ್ಲಿ ಸುಡುತ್ತಿದ್ದರು, ಆ ಹೊಗೆ ಕುಡಿದವರಿಗೆ ಮುಂದೆ ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆ ಬಂತು. ಹೊಗೆಯಿಂದಲೇ ಬಂತು ಅಂತ ಒಬ್ಬೊಬ್ಬ ರೋಗಿಯೂ ಸಾಬೀತು ಮಾಡಬೇಕಿತ್ತು. ಕಾಯ್ದೆ ಬಂದ ಮೇಲೆ ಪಟ್ಟಿಯಲ್ಲಿರುವ ರೋಗ, ಪಟ್ಟಿಯಲ್ಲಿರುವ ಜಾಗ, ಪಟ್ಟಿಯಲ್ಲಿರುವ ಕಾಲ ಹೊಂದಿದರೆ ಸಾಕು, ಸೇವೆಯಿಂದಲೇ ಬಂದದ್ದು ಅಂತ ಲೆಕ್ಕ. ಜೊತೆಗೆ ಅದಕ್ಕೆಂದೇ ಬೇರೆ ನಿಧಿ. ಬ್ರಿಟನ್ನಿನಲ್ಲಿ 2021ರ ಕಾಯ್ದೆ ಆರೋಗ್ಯ, ವಸತಿ, ಶಿಕ್ಷಣದ ವಿಷಯದಲ್ಲಿ ಸೈನಿಕರನ್ನು, ಮಾಜಿ ಸೈನಿಕರನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು ಅಂತ ಸ್ಥಳೀಯ ಸಂಸ್ಥೆಗಳ ಮೇಲೆ ಹೊಣೆ ಹಾಕಿತು. ಎರಡೂ ಕಡೆ ಸಮಸ್ಯೆ ತೀರಿಲ್ಲ, ಅಲ್ಲಿಯೂ ಪಾಳಿ ಇದೆ. ಆದರೆ ಕಾಗದ ಗಟ್ಟಿ ಇದೆ.

ನನಗೆ ಹೆಚ್ಚು ಚಿಂತೆ ಹುಡುಗರದ್ದು. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯ ತನಕ ಉಳಿಸಿಕೊಳ್ಳುತ್ತಾರೆ, ಉಳಿದವರು ಮನೆಗೆ. ಮನೆಗೆ ಬಂದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಪಟ್ಟ ಇಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ. ಸೇವೆಯಲ್ಲಿ ಇರುವಾಗ 48 ಲಕ್ಷದ ಜೀವವಿಮೆ ಇದೆ, ಸೇವೆಯ ಕಾರಣಕ್ಕೆ ಅಂಗವಿಕಲರಾದರೆ ಪರಿಹಾರ ಇದೆ. ಆದರೆ ಮೂವತ್ತನೇ ವಯಸ್ಸಿಗೆ ಬೆನ್ನು ಹಿಡಿದುಕೊಂಡರೆ? ಬೆಳಿಗ್ಗೆ ಐದಕ್ಕೆ ರಸ್ತೆಯಲ್ಲಿ ಓಡುವ ಹುಡುಗರನ್ನು ನೋಡುತ್ತೇನೆ, ಬೀದರ್, ಹುಮನಾಬಾದ್, ಆಳಂದ, ಶಹಾಪುರ ಎಲ್ಲಾ ಕಡೆ ಓಡುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಈ ಮಾತು ಗೊತ್ತು? ಕೋಚಿಂಗ್ ಕೊಡುವವರು ಹೇಳಲ್ಲ. ಕಾಯ್ದೆ ಅಂತ ಒಂದು ಇದ್ದಿದ್ದರೆ, ಯಾರನ್ನು ಒಳಗಿಡಬೇಕು, ಯಾರನ್ನು ಹೊರಗೆ ಅನ್ನುವುದು ಸದನದಲ್ಲಿ ಎಲ್ಲರ ಕಣ್ಣೆದುರು ಮಾತಾಡಿ ತೀರ್ಮಾನ ಆಗುತ್ತಿತ್ತು.

ಕಾಯ್ದೆ ಬಂದ ಕೂಡಲೇ ಔಷಧದ ಕಿಟಕಿಯಲ್ಲಿ ಇನ್ಸುಲಿನ್ ಬಂದುಬಿಡುತ್ತಾ? ಇಲ್ಲ. ಮಾಮಾ ಕೂಡ ಇದನ್ನೇ ಕೇಳಿದರು. "ಕಾಯ್ದೆ ಆಪರೇಷನ್ ಮಾಡ್ತದೇನವ್ವಾ?" ಅಂತ. ಮಾಡಲ್ಲ. ನಾನು ಕೇಳುವುದು ಹೆಚ್ಚೇನಲ್ಲ. ಆಸ್ಪತ್ರೆಯ ಬಿಲ್ ಇಂತಿಷ್ಟು ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ಬರೆಯಲಿ. ಬಡ್ಡಿ ಅಂದರೆ ದಿಲ್ಲಿಯಲ್ಲೂ ಕೆಲಸ ಬೇಗ ಆಗುತ್ತದೆ. ಸಕ್ಕರೆ, ಬಿಪಿ, ಹೃದಯ, ಕಿಡ್ನಿ, ಕ್ಯಾನ್ಸರ್ ಔಷಧ ಪಾಲಿಕ್ಲಿನಿಕ್‌ನಲ್ಲಿ ಇಲ್ಲದಿದ್ದರೆ ಅದೇ ದಿನ ಊರಿನ ಮೆಡಿಕಲ್‌ನಲ್ಲಿ ದುಡ್ಡು ಕೊಡದೆ ಸಿಗಬೇಕು. ಸಿಗುತ್ತಿರುವ ಸೌಲಭ್ಯ ಕಡಿಮೆ ಮಾಡಬೇಕಾದರೆ ಸಂಸತ್ತಿನ ಮುಂದೆ ಬರಬೇಕು, ಪತ್ರದಲ್ಲಿ ಅಲ್ಲ. ದೂರು ಕೊಡಲು ಜಿಲ್ಲೆಯಲ್ಲೇ ಒಬ್ಬ ಅಧಿಕಾರಿ ಇರಬೇಕು, ಬೆಂಗಳೂರಿಗೂ ದಿಲ್ಲಿಗೂ ಮೇಲ್ ಬರೆಯುತ್ತಾ ಕೂರಲು ಎಲ್ಲರ ಮನೆಯಲ್ಲೂ ನನ್ನಂಥವರು ಇರುವುದಿಲ್ಲ. ಮತ್ತೆ ಪಾಲಿಕ್ಲಿನಿಕ್ ಸಿಬ್ಬಂದಿ. ಡಾಕ್ಟರಿಂದ ಹಿಡಿದು ಕಿಟಕಿಯ ಹುಡುಗನ ತನಕ ಎಲ್ಲರೂ ಗುತ್ತಿಗೆ. ಒಳ್ಳೆಯ ಡಾಕ್ಟರ್ ಬಂದು, ರೋಗಿಗಳ ಹೆಸರು ಬಾಯಿಪಾಠ ಆಗುವ ಹೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ.

ಹೊಸದಾಗಿ ಕಾರ್ಡು ಮಾಡಿಸಿದವರಿಗೆ ಉಪಯೋಗಕ್ಕೆ ಬರುವ ಮಾತು. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಕಾರ್ಡು ಕೊಡುತ್ತಿದ್ದಾರೆ. ಊರಲ್ಲಿ ಕ್ಯಾಂಪ್ ಹಾಕಿ ಹೆಸರು ಬರೆಸಿ ಅನ್ನುತ್ತಾರೆ. ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು, ನೆನಪಿರಲಿ. ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದ ಮಿತಿ ಇದೆ, ಅದು ಅಡ್ಮಿಟ್ ಆದಾಗ ಬರುವ ಯೋಜನೆ, ತಿಂಗಳು ತಿಂಗಳು ಬಿಪಿ ಗುಳಿಗೆ ಕೊಡುವುದಿಲ್ಲ. ಸುಮ್ನೆ ಯಾರೋ ಹೇಳಿದರು ಅಂತ ಬದಲಾಯಿಸಬೇಡಿ. ಇನ್ನು ಎದೆನೋವು, ಅಪಘಾತ ಅಂತ ಬಂದಾಗ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಹೋಗಿ, ಜೀವ ಮುಖ್ಯ. ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಅಲ್ಲಿ ನೀವೇ ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕಾಗುತ್ತದೆ, ಬರುವುದು ಸಿಜಿಎಚ್‌ಎಸ್ ದರದ ಲೆಕ್ಕದಲ್ಲಿ. ಪಟ್ಟಿಯಲ್ಲಿರುವ ಆಸ್ಪತ್ರೆ ಡಿಪಾಸಿಟ್ ಕೇಳಿದರೆ ಕೇಳಿದ್ದನ್ನು ಬರೆದು ಕೊಡಿ ಅನ್ನಿ. ಬರೆದು ಕೊಡುವ ಆಸ್ಪತ್ರೆ ನಾನಂತೂ ನೋಡಿಲ್ಲ. ಕಟ್ಟಲೇಬೇಕಾಗಿ ಬಂದರೆ ರಸೀದಿ ಬಿಡಬೇಡಿ. ಕಾರ್ಡು, ರೆಫರಲ್, ಡಿಸ್ಚಾರ್ಜ್ ಕಾಗದ ಎಲ್ಲದರ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಡಾಕ್ಟರನ್ನು ನೋಡಲೇಬೇಕು ಅಂತ ಇಲ್ಲದ ದಿನ ಸೆಹತ್ ಅಂತ ರಕ್ಷಣಾ ಇಲಾಖೆಯ ವಿಡಿಯೋ ಸಮಾಲೋಚನೆ ಇದೆ, 2021ರ ಮೇ ತಿಂಗಳಲ್ಲಿ ಶುರುವಾದದ್ದು. ಹಳ್ಳಿಯಲ್ಲಿ ನೆಟ್‌ವರ್ಕ್ ಇದ್ದರೆ ಪರವಾಗಿಲ್ಲ. ನಮ್ಮಲ್ಲಿ ಮಾಳಿಗೆ ಹತ್ತಬೇಕು, ಮೊಣಕಾಲು ನೋವಿನವಳನ್ನು ಡಾಕ್ಟರಿಗೆ ತೋರಿಸಲು ಮಾಳಿಗೆ ಹತ್ತಿಸುವುದು ಅಂದರೆ ನಗು ಬರುತ್ತದೆ.

ಕೊನೆಗೆ ಸ್ಟಾರ್ ಲೆಕ್ಕ. ಪಾಲಿಕ್ಲಿನಿಕ್ ಡಾಕ್ಟರ್‌ಗೆ ಐದು. ತುರ್ತು ಚಿಕಿತ್ಸೆಗೆ, ನಮ್ಮ ಅನುಭವದಲ್ಲಿ, ಐದು. ಔಷಧಕ್ಕೆ ಎರಡೂವರೆ, ಅದೂ ಕಿಟಕಿಯ ಹುಡುಗನ ಮಾತಿನ ನಯಕ್ಕೆ ಅರ್ಧ ಸೇರಿಸಿ. ಕ್ಲೇಮ್‌ಗೆ ಎರಡು. ನಾಳೆಯೂ ಹೀಗೇ ಸಿಗುತ್ತದಾ ಅನ್ನುವ ಗ್ಯಾರಂಟಿಗೆ ಒಂದು, ಆ ಒಂದು 2002ರ ಪತ್ರಕ್ಕೆ. ಸೇರಲು ಅರ್ಹತೆ ಇರುವವರು ಖಂಡಿತ ಸೇರಿ. 2003ಕ್ಕೂ ಮುಂಚೆ ರಿಟೈರ್ ಆಗಿ ಇನ್ನೂ ಸೇರದೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ತಗೊಳ್ಳುತ್ತಿರುವ ಹಿರಿಯರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಕೈಗೆ ಬರುವ ದುಡ್ಡು ಬಿಡಲು ಮನಸ್ಸಿಲ್ಲ. ಅವರ ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಸಲ ಸ್ಟೆಂಟಿನ ಬೆಲೆ ವಿಚಾರಿಸಿ ಬನ್ನಿ, ಆಮೇಲೆ ಅಪ್ಪನಿಗೆ ಫೌಜಿನಿಂದ ಬಿಡುಗಡೆ ಆದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಪಿಒ ಅನ್ನುವ ಪಿಂಚಣಿ ಆದೇಶ, ಆಧಾರ್ ಹಿಡಿದುಕೊಂಡು ಹತ್ತಿರದ ಪಾಲಿಕ್ಲಿನಿಕ್‌ಗೆ ಹೋಗಿ. ಫಾರ್ಮ್ ಆನ್‌ಲೈನ್ ಆಗಿದೆ, ಗೊತ್ತಾಗದಿದ್ದರೆ ಅಲ್ಲಿರುವವರೇ ತುಂಬಲು ಸಹಾಯ ಮಾಡುತ್ತಾರೆ.